ಚಿಲಕದಕ್ಕನ ಪರೀಕ್ಷೆ

ಆಶ್ರಯಧಾಮದ ಹುಡುಗಿಯರು ಅವಳಿಗೆ ಚಿಲಕದಕ್ಕ ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಮುಖದೆದುರೇ. ಅವಳಿಗೇನೂ ಬೇಸರವಿರಲಿಲ್ಲ. ಮನೆಮಠವಿಲ್ಲದೆ ಬಂದ ಹುಡುಗಿಯರನ್ನು ತಮ್ಮ ಕಾಲ ಮೇಲೆ ನಿಲ್ಲುವಂತೆ ತಯಾರು ಮಾಡಿ ಹೊರಗೆ ಕಳಿಸುವುದು ಅವಳ ಕೆಲಸ. ಆ ಕೆಲಸಕ್ಕೆ ಉದ್ದನೆಯ ಹೆಸರೊಂದು ಅವಳ ಗುರುತಿನ ಚೀಟಿಯಲ್ಲಿತ್ತು. ಅದನ್ನು ತಡವರಿಸದೆ ಹೇಳುವುದು ಅವಳಿಗೇ ಬರುತ್ತಿರಲಿಲ್ಲ.

ಒಬ್ಬರೇ ಬದುಕುವುದು ನೀರು ಕುಡಿದಷ್ಟು ಸುಲಭ ಎಂದುಕೊಂಡವರು ಆ ಧಾಮದಲ್ಲಿ ನಾಲ್ಕು ದಿನ ಇದ್ದು ನೋಡಬೇಕು. ಅಲ್ಲಿ ಗಂಟೆ ಬಾರಿಸಿದರೆ ಸ್ನಾನ, ಗಂಟೆ ಬಾರಿಸಿದರೆ ಊಟ. ಸ್ವಂತ ಕೋಣೆ ಹಿಡಿದು ಹೋದ ಹುಡುಗಿಯೊಬ್ಬಳು ಮೊದಲ ದಿನ ಸಂಜೆಯ ತನಕ ಉಪವಾಸ ಕೂತಿದ್ದಳಂತೆ, ಗಂಟೆ ಬಾರಿಸಲಿಲ್ಲ ಅಂತ. ಅದನ್ನು ಕೇಳಿ ಚಿಲಕದಕ್ಕ ಹೊಟ್ಟೆ ತುಂಬ ನಕ್ಕಳು, ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಅದಕ್ಕಿಂತ ದೊಡ್ಡ ತೊಡಕು ಬಾಗಿಲಿನದು. ಯಾರಿಗೆ ಯಾವಾಗ ಏನಾಗುತ್ತದೋ ಎಂದು ಧಾಮದ ಯಾವ ಬಾಗಿಲಿಗೂ ಒಳಗಡೆ ಚಿಲಕವಿರಲಿಲ್ಲ. ಹಾಗಾಗಿ ಹಾಕಿದ ಬಾಗಿಲನ್ನು ಹಾಕಿಯೇ ಇಟ್ಟುಕೊಳ್ಳುವುದು ಈ ಹುಡುಗಿಯರಿಗೆ ಗೊತ್ತೇ ಇಲ್ಲ. ಯಾರು ಬಡಿದರೂ ಓಡಿಹೋಗಿ ತೆಗೆಯುವುದು. ಅಕ್ಕ ಹಟಹಿಡಿದು ಹಳೆಯ ಉಗ್ರಾಣಕ್ಕೊಂದು ಚಿಲಕ ಹಾಕಿಸಿದಳು. ಹುಡುಗಿ ಒಳಗೆ, ಅಕ್ಕ ಹೊರಗೆ. ಅಕ್ಕ ಹಾಲಿನವನಾಗುತ್ತಿದ್ದಳು, ಮೀಟರ್ ನೋಡುವವನಾಗುತ್ತಿದ್ದಳು, ಮನೆಯೊಡತಿ, ಪೊಲೀಸು, ಕುಡುಕ, ಎಲ್ಲ ಆಗುತ್ತಿದ್ದಳು. ಬೆಣ್ಣೆ ಹಚ್ಚುತ್ತಿದ್ದಳು, ಗದರುತ್ತಿದ್ದಳು. ಕೊನೆಗೆ ತನ್ನದೇ ದನಿಯಲ್ಲಿ, "ಪರೀಕ್ಷೆ ಮುಗೀತು ಬಾರೇ, ಊಟ ಆರ್ತಿದೆ" ಎನ್ನುತ್ತಿದ್ದಳು. ಅರ್ಧಕ್ಕರ್ಧ ಹುಡುಗಿಯರು ಬೀಳುತ್ತಿದ್ದದ್ದು ಅಲ್ಲೇ. "ನಾನೇ ಬಂದು ಕರೆದ್ರೂ ಅಷ್ಟೇ. ನಿನಗೆ ಬೇಡ ಅನ್ನಿಸಿದ್ರೆ ತೆಗೀಬಾರದು. ಒಳ್ಳೆಯವರಾದ್ರೆ ಹಿಂದೆ ಸರೀತಾರೆ" ಎಂದು ತಲೆಗೆ ಮೊಟಕುತ್ತಿದ್ದಳು.

ಸಾಸಿವೆ ಮಾತ್ರ ಬೇರೆ ಥರ ಬೀಳುತ್ತಿದ್ದಳು. ಕುಳ್ಳಿ, ಮಾತೆತ್ತಿದರೆ ಚಟಪಟ ಸಿಡಿಯುವವಳು, ಅದಕ್ಕೇ ಆ ಹೆಸರು. ಗದರಿದರೆ ಒಳಗಿನಿಂದಲೇ ತಿರುಗಿ ಗದರುವಳು. ಆದರೆ ಅಕ್ಕ ಹೊರಗೆ ನಿಂತು ಅಳುವ ನಾಟಕ ಆಡಿದರೆ ಸಾಕು, ಚಿಲಕ ಸರಕ್ಕನೆ ಸರಿಯುತ್ತಿತ್ತು. ಪ್ರತಿ ಸಲವೂ. "ಇಷ್ಟು ಮೆತ್ತನೆ ಮನಸ್ಸಾದ್ರೆ ಊರೇ ನಿನ್ನ ತಲೆ ಮೇಲೆ ಕೂರುತ್ತೆ" ಎಂದು ಅಕ್ಕ ಬೈದಳು, ಮತ್ತೆ ಮತ್ತೆ ಅತ್ತಳು. ಅಷ್ಟರಲ್ಲಿ ಲಾಂಡ್ರಿಯೊಂದರಲ್ಲಿ ಕೆಲಸ, ಅದರ ಹಿಂದಿನ ಬೀದಿಯಲ್ಲಿ ಮಹಡಿ ಮೇಲೊಂದು ಕೋಣೆ ಒಟ್ಟಿಗೇ ಒದಗಿಬಂದವು. ಧಾಮದ ಹುಡುಗಿ ಎಂದರೆ ಮೂಗು ಮುರಿಯುವ ಜನರ ನಡುವೆ ಆ ಮನೆಯೊಡತಿ ಒಬ್ಬಳೇ ಹೂಂ ಎಂದಿದ್ದಳು. "ಹೋಗು. ಒಂದು ಪರೀಕ್ಷೆ ಬಾಕಿ ಇದೆ, ಅಲ್ಲಿಗೇ ಬಂದು ತಗೋತೀನಿ" ಎಂದು ಅಕ್ಕ ತಮಾಷೆ ಮಾಡಿ ಸಾಸಿವೆಯನ್ನು ಕಳಿಸಿದಳು. ಆ ಮಾತು ಅಕ್ಕನಿಗೆ ಅಲ್ಲಿಗೇ ಮರೆತುಹೋಯಿತು.

ಒಂದು ಮಧ್ಯಾಹ್ನ ಮನೆಯೊಡತಿಯ ಫೋನು ಬಂತು. "ನಿಮ್ಮ ಹುಡುಗಿ ಬಾಗಿಲು ತೆಗೀತಿಲ್ಲ ಕಣ್ರೀ. ಆಗಿನಿಂದ ಬಡೀತಿದೀನಿ. ಇವತ್ತು ರಜೆ ಅಂದಿದ್ಲು, ಚಪ್ಪಲೀನೂ ಹೊರಗೇ ಇದೆ. ಒಳಗಡೆಯಿಂದ ಚಿಲಕ ಹಾಕಿದೆ. ನನಗೆ ಕೈಕಾಲೇ ಆಡ್ತಿಲ್ಲ."

ಅಕ್ಕ ಇದ್ದಹಾಗೇ ಹೊರಬಿದ್ದಳು. ಸಿಕ್ಕ ಬಸ್ಸು ಹತ್ತಿ, ಇಳಿದು, ಏದುಸಿರು ಬಿಡುತ್ತ ಮೆಟ್ಟಿಲೇರಿದಾಗ ಮನೆಯೊಡತಿಯ ಪಕ್ಕದಲ್ಲಿ ಬಡಗಿಯೊಬ್ಬ ಉಳಿ ಸುತ್ತಿಗೆ ಹಿಡಿದು ನಿಂತಿದ್ದ.

"ನಿಮಗೋಸ್ಕರ ಕಾದೆ" ಎಂದಳು ಮನೆಯೊಡತಿ. "ಹಿಂದೆ ಇಲ್ಲಿದ್ದ ಮುದುಕಪ್ಪ ಒಳಗೇ ಸತ್ತು ಬಿದ್ದಿದ್ದ. ಗೊತ್ತಾಗದೆ ಕೆಳಗೆ ನಾನು ಉಂಡು ಮಲಗಿದ್ದೆ. ಅದನ್ನ ಇನ್ನೊಂದು ಸಲ ನೋಡೋಕೆ ನನ್ನಿಂದಾಗಲ್ಲ. ಬಾಗಿಲು ಒಡೆಸ್ತೀನಿ. ಒಡೆಸಿದ ಮೇಲೆ ಅವಳು ಇಲ್ಲಿರೋದು ಬೇಡ, ನಿಮ್ಮಲ್ಲಿಯ ಇನ್ನೊಬ್ಬಳೂ ಈ ಮೆಟ್ಟಿಲು ಹತ್ತೋದು ಬೇಡ."

ಅಕ್ಕ ಬಾಗಿಲು ಬಡಿದಳು. ಫೋನು ಮಾಡಿದಳು, ಅದು ಒಳಗೇ ರಿಂಗಾಗಿ ರಿಂಗಾಗಿ ನಿಂತಿತು. ಹೋದ ವಾರ ಮಾತಾಡಿದಾಗ ಹುಡುಗಿಯ ದನಿ ಸಪ್ಪಗಿತ್ತಲ್ಲ, ಯಾಕೆ ಅಂತ ಕೇಳಲಿಲ್ಲವಲ್ಲ ಎಂದು ನೆನಪಾದದ್ದೇ ತಡ, ಬಾಗಿಲಿಗೆ ಹಣೆಯೊತ್ತಿ ಗೊಳೋ ಎಂದು ಅತ್ತಳು. "ಸಾಸಿವೆ, ನಾನು ಕಣೇ. ಆಟ ಅಲ್ಲ ಇದು. ನಿನ್ನ ಕಾಲಿಗೆ ಬೀಳ್ತೀನಿ, ತೆಗಿಯೇ."

ಒಳಗೆ ಸದ್ದೇ ಇಲ್ಲ. ಬಡಗಿ ಚೌಕಟ್ಟಿನ ಸಂದಿಗೆ ಉಳಿ ಕೊಟ್ಟು ಒಂದು ಏಟು ಹಾಕಿದ. ಮರ ಸೀಳಿತು. ಆಗ ಒಳಗೆ ಭಾರದ್ದೇನೋ ನೆಲದ ಮೇಲೆ ಕರಕರ ಎಳೆದ ಸದ್ದು ಕೇಳಿತು, ಅದು ಬಂದು ಬಾಗಿಲಿಗೆ ಒತ್ತಿ ನಿಂತಿತು.

ಬದುಕಿದ್ದಾಳೆ. ಅಕ್ಕನಿಗೆ ಹೋದ ಉಸಿರು ಬಂತು. ಅದರ ಹಿಂದೆಯೇ ಕಳಿಸುವ ದಿನ ತಾನು ಆಡಿದ ಮಾತೂ ನೆನಪಿಗೆ ಬಂತು. ಮನೆಯೊಡತಿ ಬಡಿದಾಗಿನಿಂದಲೇ ಹುಡುಗಿ ಒಳಗೆ ಕೂತು ಪರೀಕ್ಷೆ ಬರೆಯುತ್ತಿದ್ದಾಳೆ. ಈಗೇನು ಹೇಳಿ ತೆಗೆಸುವುದು? ಆಟ ಅಲ್ಲ ಎನ್ನುವುದನ್ನು ಆಟದಲ್ಲೇ ಎಷ್ಟು ಸಲ ಹೇಳಿದ್ದಳೋ. ಆಣೆ ಪ್ರಮಾಣ, ಕಣ್ಣೀರು, ಯಾವುದನ್ನೂ ಬಾಕಿ ಉಳಿಸಿರಲಿಲ್ಲ ಮಹಾತಾಯಿ.

"ಜೀವಂತ ಇದ್ದೂ ತೆಗೀತಿಲ್ವಾ?" ಮನೆಯೊಡತಿಯ ಹೆದರಿಕೆಯೆಲ್ಲ ಸಿಟ್ಟಾಯಿತು. "ನನ್ನ ಮನೇಲಿ ನನಗೇ ಬಾಗಿಲು ಹಾಕ್ತಾಳಾ? ಒಡಿಯಪ್ಪ ನೀನು."

ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಮನೆ ನಿಮ್ಮದು, ಒಪ್ಪಿದೆ. ಒಳಗಿರೋಳು ಹೆದರಿದಾಳೆ. ಈಗ ಒಡೆದ್ರೆ ಅವಳು ಈ ಜನ್ಮದಲ್ಲಿ ಯಾವ ಬಾಗಿಲನ್ನೂ ನಂಬಲ್ಲ. ಎಲ್ಲರೂ ಬೀದಿಗೆ ಇಳಿಯೋಣ ಬನ್ನಿ. ಕಿಟಕಿಯಿಂದ ಅವಳೇ ನೋಡ್ಲಿ, ಅವಳೇ ತೀರ್ಮಾನ ಮಾಡ್ಲಿ."

"ಆಗ್ಲೂ ತೆಗೀದಿದ್ರೆ?"

"ಆಗ ನಾನೇ ಉಳಿ ಹಿಡೀತೀನಿ."

ಬಿಸಿಲಲ್ಲಿ ಕತ್ತೆತ್ತಿ ನಿಂತರು. ಬೀದಿಯವರು ಅವರನ್ನು ನೋಡಿ, ಮೇಲೆ ನೋಡಿ ಮುಂದೆ ಹೋದರು. ಮನೆಯೊಡತಿ ಗೊಣಗಿದಳು, ಗೊಣಗಿ ಗೊಣಗಿ ಸುಮ್ಮನಾದಳು. ಕಿಟಕಿ ಮುಚ್ಚಿಯೇ ಇತ್ತು. ತಾನು ತಪ್ಪು ಲೆಕ್ಕ ಹಾಕಿದೆನೇ, ಮೇಲೆ ಇನ್ನೇನು ನಡೆಯುತ್ತಿದೆಯೋ ಎಂದು ಅಕ್ಕ ಮೆಟ್ಟಿಲ ಮೇಲೆ ಕಾಲಿಟ್ಟು ಮತ್ತೆ ಹಿಂದೆ ತೆಗೆದಳು. ಕೊನೆಗೆ ಕಿಟಕಿ ಬೆರಳಗಲ ತೆರೆಯಿತು. ಎರಡು ಕಣ್ಣು ಒಬ್ಬೊಬ್ಬರನ್ನಾಗಿ ನೋಡಿದವು. ಕಿಟಕಿ ಮತ್ತೆ ಮುಚ್ಚಿತು. ಆಮೇಲೆ ಭಾರದ್ದನ್ನು ಹಿಂದಕ್ಕೆ ಎಳೆದ ಸದ್ದು, ಚಿಲಕ ಸರಿದ ಸದ್ದು.

ಮೆಟ್ಟಿಲ ಬುಡದಲ್ಲಿ ಬಂದು ನಿಂತ ಸಾಸಿವೆಯ ಮುಖ ಬೆವರಿನಲ್ಲಿ ತೊಯ್ದಿತ್ತು. ಕೈಯಲ್ಲಿ ಸೌಟು ಹಿಡಿದಿದ್ದಳು. "ಪಾಸಾ, ಅಕ್ಕಾ?"

"ಪಾಸಂತೆ ಪಾಸು" ಎಂದಳು ಮನೆಯೊಡತಿ. "ಇವರು ಅಷ್ಟು ಅಳ್ತಿದ್ರಲ್ಲೇ, ನಿನಗೆ ಅಯ್ಯೋ ಅನ್ನಿಸ್ಲಿಲ್ವಾ?"

"ಅನ್ನಿಸ್ತು." ಸಾಸಿವೆ ನೆಲ ನೋಡಿದಳು. "ನಮ್ಮ ಚಿಕ್ಕಪ್ಪನೂ ಬಾಗಿಲ ಹೊರಗೆ ಹೀಗೇ ಅಳ್ತಿದ್ದ. ತೆಗೆಯೋವರೆಗೂ ಬಿಡ್ತಿರ್ಲಿಲ್ಲ. ಆಗೆಲ್ಲ ತೆಗೀತಿದ್ದೆ. ಇವತ್ತು ತೆಗೀಲಿಲ್ಲ."

ಮೆತ್ತನೆ ಮನಸ್ಸು ಎಂದು ಅಕ್ಕ ಬೈದಿದ್ದಳಲ್ಲ. ಉಗ್ರಾಣದ ಹೊರಗೆ ನಿಂತು ಈ ಮಗುವಿಗೆ ಎಷ್ಟು ಸಲ ಆ ಅಳು ಕೇಳಿಸಿದ್ದಳೋ ಎಂದು ನೆನೆದು ನಾಚಿಕೆಯಿಂದ ಕುಗ್ಗಿಹೋದಳು. "ಪಾಸು ಕಣೇ. ನಾನೇ ಫೇಲು" ಎಂದಳು.

ಮನೆಯೊಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬಡಗಿ ಸದ್ದಿಲ್ಲದೆ ಜಾಗ ಖಾಲಿಮಾಡುತ್ತಿದ್ದುದನ್ನು ಕಂಡು ಗದರಿದಳು. "ಎಲ್ಲಿಗೆ ಹೊರಟೆ? ಸೀಳಿರೋ ಚೌಕಟ್ಟು ಯಾರು ಸರಿಮಾಡ್ತಾರೆ? ಹಾಗೇ ಒಳಗಡೆ ಇನ್ನೊಂದು ಚಿಲಕ ಹಾಕು. ದಪ್ಪದ್ದು."

ಬಡಗಿ ಮೆಟ್ಟಿಲೇರಿದ. ಕೋಣೆಯ ಬಾಗಿಲು ಪೂರ್ತಿ ತೆರೆದೇ ಇತ್ತು. ಅವನು ಹೊಸ್ತಿಲ ಈಚೆಯೇ ನಿಂತು, ಹಿಂದೆ ಬರುತ್ತಿದ್ದ ಸಾಸಿವೆಯ ಕಡೆ ತಿರುಗಿದ. "ಒಳಗೆ ಬರಬಹುದೇನಮ್ಮ?"

ಸಾಸಿವೆ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಕೈಲಿದ್ದ ಸುತ್ತಿಗೆಯನ್ನೂ ನೋಡಿದಳು. ಸ್ವಲ್ಪ ಹೊತ್ತು ಯೋಚಿಸಿ, ಬನ್ನಿ ಎಂದಳು.