ದೂಡಿದರೆ ಹೋಗದ ಗಾಡಿ

ನಿಂತ ಗಾಡಿ ಕಂಡರೆ ನಮ್ಮ ಆಳಂದದವರ ಕೈ ಸುಮ್ಮನಿರುವುದಿಲ್ಲ. ಕರೆಯುವ ಮೊದಲೇ ಬಂದು ದೂಡತೊಡಗುತ್ತಾರೆ. ಎಂಬತ್ತರ ದಶಕದಲ್ಲಿ ನಮ್ಮ ಮನೆಯಲ್ಲಿದ್ದ ಕಾರು ಮಾತ್ರ ಈ ಉಪಕಾರಕ್ಕೆ ಒಗ್ಗದ ಜಾತಿ. ಕ್ಲಚ್ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಪರದೇಶದ ಗಾಡಿ. ದೂಡಿದರೆ ಚಾಲೂ ಆಗುತ್ತಿರಲಿಲ್ಲ. "ಇದೆಂಥಾ ಗಾಡಿರೀ, ಮಂದಿ ಕೈಗೆ ಕಿಮ್ಮತ್ತೇ ಇಲ್ಲಲ್ರೀ!" ಎಂದು ನೆರೆಮನೆಯ ರಶೀದಭಾಯಿ ನೊಂದುಕೊಂಡಿದ್ದರು.

ಅದು ನಮ್ಮ ಅಕ್ಕನಿಗಾಗಿ ಹೈದರಾಬಾದಿನಿಂದ ತರಿಸಿದ ಹಳೆಯ ಗಾಡಿ. ಪೋಲಿಯೋದಿಂದ ಅವಳ ಎಡಗಾಲು ಸೋತಿತ್ತು, ಕ್ಲಚ್ ತುಳಿಯಲಾರಳು. ಅದಕ್ಕೆ ಮುಂಚೆ ನರೋಣಾದ ಶಾಲೆಗೆ ಪಾಠ ಹೇಳಲು ಬಸ್ಸಿನಲ್ಲಿ ಹೋಗುತ್ತಿದ್ದಳು. ಯಾರಾದರೂ ರಟ್ಟೆ ಹಿಡಿದು ಎತ್ತಿ ಹತ್ತಿಸಬೇಕಿತ್ತು. ಒಳ್ಳೆಯ ಮನುಷ್ಯರೇ. ಆದರೂ ಸಂಜೆ ಮನೆಗೆ ಬಂದವಳು ತೋಳನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು.

ಒಂದು ಬೇಸಿಗೆ ರಜೆಯಲ್ಲಿ ಗಾಡಿ ಕೈಕೊಟ್ಟಿತು. ಎಂಜಿನ್ ಅಬ್ಬರಿಸುತ್ತದೆ, ಎರಡನೇ ಗೇರು ಹಿಡಿಯುವುದಿಲ್ಲ. ಗಾಡಿಯ ಜೊತೆ ಬಂದಿದ್ದ ಪುಸ್ತಕದ ಪ್ರಕಾರ ಗೇರುಪೆಟ್ಟಿಗೆಯಲ್ಲಿ ಸರ್ವೋ ಎಂಬುದೊಂದಿದೆ. ಎಣ್ಣೆಯ ಒತ್ತಡಕ್ಕೆ ಸರಿದು, ಎರಡನೇ ಗೇರು ಕೂರಲು ಒಂದು ಪಟ್ಟಿಯನ್ನು ಬಿಗಿಹಿಡಿಯುವ ಪಿಸ್ಟನ್ನು. ಅದರ ರಬ್ಬರು ಕಲ್ಲಾಗಿತ್ತು. ಜೇವರ್ಗಿ, ಅಫಜಲಪುರಗಳಲ್ಲೂ ವಿಚಾರಿಸಿದೆ; ಕ್ಲಚ್ಚೇ ಇಲ್ಲದ ಗಾಡಿ ಮುಟ್ಟಲು ಯಾವ ಮಿಸ್ತ್ರಿಯೂ ಒಪ್ಪಲಿಲ್ಲ. ಕೊನೆಗೆ ಮುಂಬಯಿಯ ಗುಜರಿಯಿಂದ ಪಿಸ್ಟನ್ ತರಿಸಿ, ಅಂಗಳದಲ್ಲಿ ನಾನೇ ಗಾಡಿಯಡಿ ಮಲಗಿದೆ. ನಾನು ಓದಿದ್ದು ಇತಿಹಾಸ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಸರ್ವೋದ ಮುಚ್ಚಳವನ್ನು ಒತ್ತಿ ಹಿಡಿಯದೆ ಕ್ಲಿಪ್ಪು ಕಿತ್ತೆ ನೋಡಿ, ಒಳಗಿನ ಸ್ಪ್ರಿಂಗು ಚಂಗನೆ ಹಾರಿ, ಅವ್ವ ಒಣಹಾಕಿದ್ದ ತೊಗರಿಬೇಳೆಯ ರಾಶಿಯಲ್ಲಿ ಮಾಯವಾಯಿತು.

"ಏ ಹುಚ್ಚಾ, ಬ್ಯಾಳಿಗೆ ಗಾಡಿ ಎಣ್ಣಿ ಕುಡಸ್ತಿಯೇನೋ!" ಎಂದು ಬೈಯುತ್ತಲೇ ಅವ್ವ ಜರಡಿ ತಂದು ಕೂತಳು. ಸ್ಪ್ರಿಂಗು ಕೈಗೆ ಸಿಕ್ಕಾಗ ಅದನ್ನು ಸೆರಗಿನಿಂದ ಒರೆಸಿದಳು. "ಆಕಿ ಮತ್ತ ಬಸ್ಸಿನ್ಯಾಗ ಹೋಗಬಾರದಪ್ಪಾ" ಎಂದವಳ ಕಣ್ಣು ತುಂಬಿತ್ತು.

ತರಿಸಿದ್ದ ಪಿಸ್ಟನ್ ಕೂಡಿಸಿ, ಎಣ್ಣೆ ತುಂಬಿದೆವು. ಶಾಲೆ ಶುರುವಾಗುವ ಬೆಳಿಗ್ಗೆ ಅಕ್ಕ ಗಾಡಿ ಚಾಲೂ ಮಾಡಿದಳು. ನಾನು ಹೆಮ್ಮೆಯಿಂದ ಪಕ್ಕದಲ್ಲಿ ಹತ್ತಿ ಕೂತೆ. ಅಕ್ಕ ಎಂಜಿನ್ ಬಂದ್ ಮಾಡಿದಳು.

"ಇಳಿಯೋ ತಮ್ಮಾ."

"ದಾರ್ಯಾಗ ನಿಂತ್ರ?"

"ನಿಂತ್ರ ನಾನೂ ನಿಲ್ತೇನಿ. ಬಸ್ಸಿನ್ಯಾಗ ರಟ್ಟಿ ಹಿಡ್ಯಾಕ ಮಂದಿ ಇದ್ರು, ಇಲ್ಲಿ ನೀ ಇದ್ರ ಫರಕ್ ಏನೈತಿ?"

ಇಳಿದೆ. ಇಷ್ಟು ಒದ್ದಾಡಿದವನಿಗೆ ಕೂರಲು ಜಾಗವಿಲ್ಲವೇ ಎಂದು ಮುನಿಸೂ ಬಂತು. ಗಾಡಿ ಓಣಿ ದಾಟಿ ಕಣ್ಮರೆಯಾಯಿತು. ಎರಡನೇ ಗೇರು ಹಿಡಿದ ಸದ್ದು ಅಲ್ಲಿಂದ ತೇಲಿಬಂತು. ಅವ್ವ ಬಾಗಿಲಲ್ಲಿ ಅಳುತ್ತ ನಗುತ್ತಿದ್ದಳು. ಉಗುರಿನ ಸಂದಿಯ ಎಣ್ಣೆ ತೆಗೆಯುತ್ತ ನಿಂತಿದ್ದ ನನಗೆ, ಬೇಡವಾಗುವುದರಲ್ಲೂ ಇಷ್ಟು ಸುಖವಿದೆಯೆಂದು ಆವತ್ತೇ ಗೊತ್ತಾದದ್ದು.