ಭಾವನ ವ್ಯಾನು ಪಾಸಾದ ದಿನ

ಮೋಟಾರು ವಿಷಯದಲ್ಲಿ ನನಗೆ ಗೊತ್ತಿರುವುದು ಒಂದೇ ಶಬ್ದ: ಕಾರ್ಬುರೇಟರ್. ಅದು ಎಲ್ಲಿರುತ್ತದೆ, ಏನು ಮಾಡುತ್ತದೆ ಎಂದು ಮಾತ್ರ ಕೇಳಬೇಡಿ. ಕೆಟ್ಟು ನಿಂತ ಗಾಡಿಯ ಸುತ್ತ ನಾಲ್ಕು ಜನ ಸೇರಿರುವಾಗ, ಕೈ ಹಿಂದೆ ಕಟ್ಟಿಕೊಂಡು, ತಲೆ ಸ್ವಲ್ಪ ಓರೆ ಮಾಡಿ, ‘ಕಾರ್ಬುರೇಟರ್ ನೋಡಿದಿರಾ?’ ಎಂದರೆ ಸಾಕು, ಒಬ್ಬಿಬ್ಬರಾದರೂ ಗೌರವದಿಂದ ದಾರಿ ಬಿಡುತ್ತಾರೆ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ, ಶಿಕಾರಿಪುರದ ಕನ್ನಡ ಮೇಷ್ಟ್ರಾಗಿದ್ದ ನಾನು ಈ ಒಂದು ಶಬ್ದದ ಬಲದಿಂದಲೇ ಬಂಧುಬಳಗದಲ್ಲಿ ಮೋಟಾರು ಬಲ್ಲವನೆನಿಸಿಕೊಂಡಿದ್ದೆ. ಹೊಸಬಾಳೆಯ ಭಾವ ಹಳೆಯ ವ್ಯಾನು ಕೊಳ್ಳಲು ಹೊರಟಾಗ ನನ್ನನ್ನು ಜೊತೆಗೆ ಕರೆದದ್ದೂ ಅದಕ್ಕೇ.

ಭಾವ ಎಂದರೆ ನಮ್ಮ ಅಕ್ಕನ ಗಂಡ. ಎತ್ತಿನ ವ್ಯಾಪಾರದಲ್ಲಿ ಅವರನ್ನು ಏಮಾರಿಸಿದವರು ಸೊರಬದ ಸೀಮೆಯಲ್ಲೇ ಇರಲಿಲ್ಲ. ಸಂತೆಗೆ ಜನರನ್ನೂ ಸಾಮಾನನ್ನೂ ಸಾಗಿಸುವ ಆಸೆಯಿಂದ ಗಾಡಿಯೆತ್ತುಗಳನ್ನು ಮಾರಿ ವ್ಯಾನು ಕೊಳ್ಳಲು ಬಂದವರು, ಅದನ್ನೂ ಎತ್ತು ನೋಡುವ ಕ್ರಮದಲ್ಲೇ ನೋಡಿದರು. ಮೊದಲು ದೂರ ನಿಂತು ನಿಲುವು ನೋಡಿದರು. ಆಮೇಲೆ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಕೈಯಾಡಿಸಿ ತಗ್ಗು, ತೇಪೆ ಹುಡುಕಿದರು. ಅದು ಸುಳಿ ನೋಡುವುದು. ಟೈರು ಒತ್ತಿದರು, ಅದು ಗೊರಸು. ಕೊನೆಗೆ ಭತ್ತದ ಮೂಟೆ ಹೇರಿಸಿ ಊರಾಚೆಯ ದಿಬ್ಬ ಹತ್ತಿಸಿದರು. ವ್ಯಾನು ಕೆಮ್ಮಿತು, ಹೊಗೆ ಬಿಟ್ಟಿತು, ಆದರೆ ಹತ್ತಿತು. ಭಾವ ಮಾರುವವನ ಕೈ ಹಿಡಿದು, ಟವೆಲ್ಲಿನ ಮರೆಯಲ್ಲಿ ಬೆರಳು ಒತ್ತಿ ವ್ಯಾಪಾರ ಮುಗಿಸಿಯೇಬಿಟ್ಟರು. ನಾನು ಕಾರ್ಬುರೇಟರ್ ಬಗ್ಗೆ ವಿಚಾರಿಸಿ ನನ್ನ ಕರ್ತವ್ಯ ಮುಗಿಸಿದೆ.

ನಮ್ಮ ಪೂರ್ವಿಕರು ಆನೆಗೊಂದು ಶಾಸ್ತ್ರ, ಕುದುರೆಗೊಂದು ಶಾಸ್ತ್ರ ಬರೆದಿಟ್ಟರು. ಹಳೆಯ ವ್ಯಾನಿಗೆ ಬರೆಯಲಿಲ್ಲ. ಬರೆದಿದ್ದರೆ ಅದರ ಅವಲಕ್ಷಣಗಳಿಗೇ ಒಂದು ಕಾಂಡ ಬೇಕಾಗುತ್ತಿತ್ತು. ಸ್ಟೇರಿಂಗ್ ಅರ್ಧ ಸುತ್ತು ತಿರುಗಿದ ಮೇಲಷ್ಟೇ ಚಕ್ರಕ್ಕೆ ಸುದ್ದಿ ಮುಟ್ಟುವ ಜಾತಿ ಒಂದು. ಕಂಡ ಕಂಡ ಕೆರೆಯ ಬಳಿ ನಿಂತು ನೀರು ಕೇಳುವ ಜಾತಿ ಇನ್ನೊಂದು. ಗೇರ್‌ಬಾಕ್ಸಿನ ಗೊರಗೊರ ಕೇಳಿಸದಂತೆ ಒಳಗೆ ಮರದ ಹೊಟ್ಟು ತುಂಬಿಸಿಕೊಂಡು, ಕೊಳ್ಳುವವನೆದುರು ಸಂಭಾವಿತನ ಹಾಗೆ ನಡೆದುಕೊಂಡು, ಮನೆ ಸೇರಿದ ಮೇಲೆ ಬಾಯಿ ಬಿಡುವ ಜಾತಿಯೂ ಉಂಟು. ಭಾವನ ವ್ಯಾನಿನಲ್ಲಿ ಈ ಗುಣಗಳೆಲ್ಲ ಸ್ವಲ್ಪ ಸ್ವಲ್ಪ ಇದ್ದವು. ಅವನ್ನು ಹೇಗೋ ಸಹಿಸಬಹುದಿತ್ತು. ದೊಡ್ಡ ದೋಷವೆಂದರೆ ಬ್ರೇಕು. ಒಮ್ಮೆ ತುಳಿದರೆ ಪೆಡಲು ಸುಮ್ಮನೆ ಕೆಳಗೆ ಹೋಗುತ್ತಿತ್ತು. ಮತ್ತೆ ಮತ್ತೆ ತುಳಿದಾಗ, ಮನಸ್ಸಾದರೆ, ಹಿಡಿಯುತ್ತಿತ್ತು. ಭಾವ ಇದನ್ನು ಪರೀಕ್ಷಿಸಿಯೇ ಇರಲಿಲ್ಲ. ಎತ್ತು ಕೊಳ್ಳುವವನು ಎಳೆಯುತ್ತದೆಯೇ ಎಂದು ನೋಡುತ್ತಾನೆಯೇ ಹೊರತು, ನಿಲ್ಲುತ್ತದೆಯೇ ಎಂದು ನೋಡುವುದುಂಟೆ? ನಿಲ್ಲುವುದು ಎತ್ತಿನ ಹುಟ್ಟುಗುಣ. ಕೆಲವು ಎತ್ತುಗಳಿಗಂತೂ ಇರುವುದು ಅದೊಂದೇ ಗುಣ.

ಅಕ್ಕ ಮಾತ್ರ ಮೊದಲ ದಿನವೇ ಕೇಳಿದಳು. ಅಂಗಳಕ್ಕೆ ಬಂದ ವ್ಯಾನಿಗೆ ಕುಂಕುಮ ಇಟ್ಟು, ಆರತಿ ಎತ್ತಿ, ‘ಇದು ಹೋ ಅಂದ್ರೆ ನಿಲ್ತದನ್ರೀ?’ ಎಂದಳು. ಭಾವ ನಕ್ಕುಬಿಟ್ಟರು. ಅಕ್ಕ ಆರತಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು, ವ್ಯಾನು ಹತ್ತಲಿಲ್ಲ.

ಮುಂದೆ ಉಡುತಡಿಯ ತವರಿಗೆ ಬರಬೇಕಾದಾಗಲೆಲ್ಲ ಅವಳು ಬಸ್ಸಿನಲ್ಲೇ ಬಂದಳು. ಭಾವ ಹಟಕ್ಕೆ ಬಿದ್ದು, ಖಾಲಿ ವ್ಯಾನಿನಲ್ಲಿ ಬಸ್ಸಿನ ಹಿಂದೆಯೇ ಧೂಳು ಕುಡಿಯುತ್ತ ಬರುತ್ತಿದ್ದರು. ದಾರಿಯುದ್ದಕ್ಕೂ ಜನ ಈ ಮೆರವಣಿಗೆ ನೋಡಿ ನಗುತ್ತಿದ್ದರು. ಹೆಂಡತಿಯೇ ಹತ್ತದ ಗಾಡಿಗೆ ಬೇರೆ ಯಾರು ಹತ್ತುತ್ತಾರೆ? ಭಾವ ಸೋತು ಕೇಳಿದರು: ‘ಏನು ಮಾಡಿದ್ರೆ ಕೂರ್ತೀಯಾ ಮಾರಾಯ್ತಿ?’ ಅಕ್ಕ ಹೇಳಿದಳು: ‘ಸರ್ಕಾರದೋರು ನೋಡಿ ಸೈ ಅನ್ಲಿ. ಆಮೇಲೆ ಕೂರ್ತೀನಿ.’

ಗಾಡಿ ಓಡಲು ಯೋಗ್ಯವೆಂದು ಸರ್ಕಾರ ಕೊಡುವ ಪತ್ರ, ಎಫ್.ಸಿ., ಮಾಡಿಸುವ ದಿನವೂ ಹತ್ತಿರವಾಗಿತ್ತು. ಜನ ‘ಬ್ರೇಕ್ ಇನ್‌ಸ್ಪೆಕ್ಟರು’ ಎಂದೇ ಕರೆಯುತ್ತಿದ್ದ ಅಧಿಕಾರಿ ಶಿಕಾರಿಪುರಕ್ಕೆ ಕ್ಯಾಂಪ್ ಬಂದಾಗ ಊರಿನ ಗಾಡಿಗಳೆಲ್ಲ ಒಂದೇ ಕುಟುಂಬದಂತೆ ಬಾಳುತ್ತಿದ್ದವು. ಒಳ್ಳೆಯ ಹಾರ್ನು ಇದ್ದದ್ದು ಗ್ಯಾರೇಜಿನ ಇಮಾಮ್ ಸಾಬರ ಬಳಿ ಒಂದೇ. ಪಾಸಾದ ಗಾಡಿಯಿಂದ ಬಿಚ್ಚಿ, ಮರೆಯಲ್ಲಿ ಕಾದು ನಿಂತ ಗಾಡಿಗೆ ಅದನ್ನು ಕಟ್ಟುವುದು ರೂಢಿ. ಭಾವನ ಸರದಿ ಬರುವಷ್ಟರಲ್ಲಿ ಇನ್‌ಸ್ಪೆಕ್ಟರು, ‘ನಿಮ್ಮೂರಿನ ಗಾಡಿಗಳಿಗೆಲ್ಲ ಒಂದೇ ಗಂಟಲು ಅಂತ ಕಾಣತ್ತೆ’ ಎಂದು ತಣ್ಣಗೆ ಹೇಳಿದರು. ನಾವೆಲ್ಲ ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದೆವು.

ಬ್ರೇಕಿನ ಪರೀಕ್ಷೆಗೆ ಇಮಾಮ್ ಸಾಬರು ಉಪಾಯ ಹೇಳಿಕೊಟ್ಟಿದ್ದರು: ‘ಅವ್ರು ನಿಲ್ಸು ಅನ್ನೋಕಿಂತ ಮೊದ್ಲೇ ತುಳೀತಾ ಇರ್ರಿ. ಹಿಡೀತೈತಿ.’ ಮೈದಾನ ಅಂಗೈಯಂತೆ ಸಮ, ವ್ಯಾನು ಖಾಲಿ, ವೇಗ ಮದುವೆ ದಿಬ್ಬಣದ್ದು. ಇನ್‌ಸ್ಪೆಕ್ಟರು ಕೈಯೆತ್ತಿದರು, ವ್ಯಾನು ನಿಂತಿತು, ಪಾಸಾಯಿತು. ಅವರನ್ನು ದೂರಲಾರೆ. ಮೇಷ್ಟ್ರಾದ ನನಗೆ ಪರೀಕ್ಷೆಯ ಸ್ವಭಾವ ಗೊತ್ತು: ನಾವು ಕೇಳಿದ್ದಕ್ಕೆ ಹುಡುಗರು ಉತ್ತರ ಬರೆಯುತ್ತಾರೆ, ಕೇಳದೆ ಬಿಟ್ಟದ್ದು ಅವರ ತಲೆಯಲ್ಲಿ ಹಾಗೆಯೇ ಉಳಿಯುತ್ತದೆ. ಮೈದಾನವೂ ವ್ಯಾನಿಗೆ ಇಳಿಜಾರಿನ ಪ್ರಶ್ನೆ ಕೇಳಲಿಲ್ಲ.

ಆ ಪ್ರಶ್ನೆ ಕೇಳಿದ್ದು ಹೊಸಬಾಳೆಗೆ ಇಳಿಯುವ ದಾರಿ. ಮರುದಿನ ಬೆಳಿಗ್ಗೆ ಅಕ್ಕನನ್ನು ಉಡುತಡಿಗೆ ಕರೆತರಲು ನಾವಿಬ್ಬರೂ ಶಿಕಾರಿಪುರದಿಂದ ಹಾಡಿಕೊಂಡು ಹೊರಟಿದ್ದೆವು. ಇಳಿಜಾರಿನಲ್ಲಿ ಭಾವ ಪೆಡಲು ತುಳಿದರು, ಮತ್ತೆ ತುಳಿದರು, ಹಾಡು ನಿಲ್ಲಿಸಿದರು. ವ್ಯಾನು ನಿಲ್ಲಲಿಲ್ಲ. ಕೆಳಗೆ ಯಾರದೋ ಹುಲ್ಲಿನ ಗಾಡಿ ಅಡ್ಡ ಬರುತ್ತಿತ್ತು. ಭಾವ ಗೇರಿನ ಜೊತೆಗೂ ಬ್ರೇಕಿನ ಜೊತೆಗೂ ಗುದ್ದಾಡಿ, ಅದರ ಚಕ್ರಕ್ಕೆ ಮೊಳ ದೂರದಲ್ಲಿ ಅಂತೂ ನಿಲ್ಲಿಸಿದರು. ನನಗೆ ಗೊತ್ತಿದ್ದ ಆ ಒಂದೇ ಶಬ್ದವೂ ಬಾಯಿಂದ ಹೊರಡಲಿಲ್ಲ.

ಮನೆಯ ಮುಂದೆ ಅಕ್ಕ ಹೊಸ ಸೀರೆಯುಟ್ಟು, ಬುತ್ತಿಗಂಟು ಹಿಡಿದು ನಿಂತಿದ್ದಳು. ‘ಪಾಸಾಯ್ತಂತಲ್ಲ. ಮಾತಿಗೆ ತಪ್ಪೋದಿಲ್ಲಪ್ಪ ನಾನು’ ಎನ್ನುತ್ತ ಬಾಗಿಲಿಗೆ ಕೈಹಾಕಿದಳು. ಇಷ್ಟು ಕಾಲ ಕಾದಿದ್ದ ಗಳಿಗೆ ಅದು. ಭಾವ ಇಳಿದು ಹೋಗಿ ಬಾಗಿಲಿಗೆ ಅಡ್ಡ ನಿಂತರು.

‘ಇವತ್ತು ಬೇಡ’ ಎಂದರು.

‘ಎಂತಕ್ಕೆ? ಸರ್ಕಾರದೋರೇ ಸೈ ಅಂದ್ರಲ್ಲ.’

‘ಅವ್ರು ಅಂದ್ರು. ನೀನು ಬಸ್ಸಿಗೆ ಹೋಗು. ನಾನು ಇಮಾಮ್ ಸಾಬರ ಹತ್ರ ಬಿಟ್ಟು ಬರ್ತೀನಿ.’

ಅಕ್ಕ ಅವರ ಮುಖವನ್ನೇ ನೋಡಿದಳು. ಬೆವರಿನ್ನೂ ಆರಿರಲಿಲ್ಲ. ಬುತ್ತಿಗಂಟು ಕಂಕುಳಿಗೇರಿಸಿ ಬಸ್ಸಿನ ದಾರಿ ಹಿಡಿದಳು. ಪಾಸಾದ ಗಾಡಿಯನ್ನು ರಿಪೇರಿಗೆ ತಂದವರನ್ನು ಇಮಾಮ್ ಸಾಬರು ಅದುವರೆಗೆ ಕಂಡಿರಲಿಲ್ಲವಂತೆ. ‘ಪಾಸಾದ್ಮೇಲೆ ಯಾಕ್ರೀ ಖರ್ಚು?’ ಎಂದು ಅವರೇ ಬುದ್ಧಿ ಹೇಳಿದರಂತೆ. ಭಾವ ಕೇಳಲಿಲ್ಲ.

ನಾನು ಅಕ್ಕನ ಜೊತೆ ಬಸ್ಸು ಹತ್ತಿದೆ. ಸಿಟ್ಟಾಗಿರುತ್ತಾಳೆಂದು ಅಂಜಿ ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಅಕ್ಕನಿಗೆ ಆನವಟ್ಟಿಯ ಸಂತೆಯಲ್ಲಿ ಪರಿಚಯವಾಗಿದ್ದ ಹೆಂಗಸೊಬ್ಬಳು ಮುಂದಿನ ಸೀಟಿನಿಂದ ತಿರುಗಿ, ‘ಎಂತ ಅಕ್ಕಾ, ಮತ್ತೆ ಬಸ್ಸಿಗೇ ಬಂದ್ರಾ? ಸರ್ಕಾರದೋರು ನಿಮ್ಮ ಗಾಡಿ ಪಾಸ್ ಮಾಡ್ಲಿಲ್ವಾ?’ ಎಂದು ಕೇಳಿದಳು.

ಅಕ್ಕ ಸೆರಗು ಸರಿಮಾಡಿಕೊಂಡಳು. ಮದುವೆಯಲ್ಲೂ ಅವಳ ಮುಖದಲ್ಲಿ ನಾನು ಅಂಥ ಬೆಳಕು ಕಂಡಿರಲಿಲ್ಲ. ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು:

‘ಸರ್ಕಾರದೋರು ಮಾಡಿದ್ರು. ನಮ್ಮನೆಯೋರು ಮಾಡ್ಲಿಲ್ಲ.’