ಮೂರು ಎಣಿಸುವ ತಕ್ಕಡಿ

'ದಬ್' ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು 'ದಬ್'.

ದಾಸನಕೊಪ್ಪದಲ್ಲಿ ಬಸ್ಸಿಳಿದು ಶುಂಠಿ ಸಂಗ್ರಹ ಕೇಂದ್ರದ ಗೇಟಿಗೆ ಬಂದಿದ್ದ ನಿಲೋಫರ್ ಅಲ್ಲೇ ನಿಂತಳು. ಚೀಲವೊಂದು ತಕ್ಕಡಿಯ ಕಬ್ಬಿಣದ ಹಲಗೆಗೆ ಇಳಿಯುವ ಸದ್ದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಇದು ಇಳಿಸಿದ ಸದ್ದಲ್ಲ, ಎಸೆದ ಸದ್ದು. ಮೂರನೆಯ 'ದಬ್'ಗೆ ಒಳಗಿನಿಂದ ಚಪ್ಪಾಳೆಯೂ ಕೇಳಿತು. ಶುಂಠಿ ತೂಗುವುದಕ್ಕೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ ಎಂದುಕೊಳ್ಳುತ್ತ ಒಳಗೆ ಹೋದಳು.

ನಿಲೋಫರ್‌ಗೆ ಮೂವತ್ತೊಂಬತ್ತು ವರ್ಷ. ಶಿರಸಿಯ ಹಳೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳದೊಂದು ತಕ್ಕಡಿ ರಿಪೇರಿಯ ಅಂಗಡಿ. ಅವಳ ತಂದೆ ಶೌಕತ್ ಮೂವತ್ತೊಂದು ವರ್ಷ ಇದೇ ದಾಸನಕೊಪ್ಪದ ಕೇಂದ್ರದಲ್ಲಿ ತೂಕದವರಾಗಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಮಗಳ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಂಗಡಿಯೊಳಗೆ ಅಪ್ಪ ಮಗಳು ಆಡುವುದು ಕನ್ನಡವನ್ನೇ. ಗಿರಾಕಿಗೆ ತಿಳಿಯದ ಮಾತನ್ನು ತಕ್ಕಡಿಯ ಮುಂದೆ ಆಡಬಾರದು ಎನ್ನುವುದು ಶೌಕತ್‌ರ ನೇಮ. ಅವರ ಇನ್ನೊಂದು ನೇಮ: ಮಾಲು ಇಟ್ಟ ಕೂಡಲೇ ಮುಳ್ಳನ್ನು ನೋಡಬಾರದು. ತಕ್ಕಡಿಯವರು ಒಂದು ಎಂದು ಎಣಿಸುವುದಿಲ್ಲ, ಒಂದರ ಜಾಗದಲ್ಲಿ ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಬಾಯಿಬಿಟ್ಟು ಎಣಿಸಬೇಕು, ಮಾಲು ಅಲುಗಾಟ ಬಿಟ್ಟು ಕೂರಬೇಕು, ಆಮೇಲೆ ನೋಡಬೇಕು.

ನಿಲೋಫರ್ ತಕ್ಕಡಿಯ ಮುಂದೆ ಮಾತ್ರ ಕಾಯುತ್ತಿದ್ದಳು. ಉಳಿದೆಲ್ಲ ಕಡೆ ಅವಳಿಗೂ ತಾಳ್ಮೆಗೂ ಪರಿಚಯವಿರಲಿಲ್ಲ. ಎದುರಿನವರ ವಾಕ್ಯದ ಅರ್ಧಕ್ಕೇ ಉತ್ತರ ಕೊಟ್ಟು ಎದ್ದುಹೋಗುತ್ತಿದ್ದಳು. ನಿಕಾಹ್ ದಿನ ಖಾಜಿಯವರು ಪ್ರಶ್ನೆ ಮುಗಿಸುವ ಮೊದಲೇ 'ಕಬೂಲ್' ಅಂದಿದ್ದಳು. ಖಾಜಿಯವರು ಕನ್ನಡಕ ತೆಗೆದು ಒರೆಸಿಕೊಂಡು, "ಮೊದಲು ಹುಡುಗನ ಹೆಸರು ಕೇಳಿಸಿಕೊಳ್ಳಮ್ಮ" ಎಂದಿದ್ದರು. ಆ ಹುಡುಗ ಮುಬೀನ್, ಯಲ್ಲಾಪುರದ ದಾರಿಯಲ್ಲಿ ಟೆಂಪೊ ಓಡಿಸುವವನು, ಈಗಲೂ ಮನೆಯಲ್ಲಿ ಮುಖ್ಯವಾದ ಮಾತನ್ನು ವಾಕ್ಯದ ಮೊದಲಿಗೇ ಹೇಳಿಬಿಡುತ್ತಾನೆ.

ಡಿಪ್ಲೊಮಾ ಓದುವಾಗ ಕಲಿತ ಕಂಪ್ಯೂಟರಿನ ಸಿ ಭಾಷೆಯನ್ನು ನಿಲೋಫರ್ ಮರೆತಿರಲಿಲ್ಲ. ಎರಡು ವರ್ಷ ಕೂತು ಅದರಲ್ಲಿ ಒಂದು ಲೈಬ್ರರಿ ಬರೆದಳು. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೂ ಕಂಪ್ಯೂಟರಿಗೂ ಮಧ್ಯೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ದುಭಾಷಿ ಅದು. ಅಪ್ಪನ ನೇಮವನ್ನೂ ಅದರೊಳಗೆ ಸೇರಿಸಿದ್ದಳು. ಗುಂಡಿ ಒತ್ತಿದ ಮೇಲೆ ಅದು ಮೂರು ಸೆಕೆಂಡು ಸುಮ್ಮನಿದ್ದು, ಆಮೇಲೆ ತೂಕ ಓದುತ್ತಿತ್ತು. ದಾಸನಕೊಪ್ಪದ, ಲಿನಕ್ಸ್ ಎಂಬ ವ್ಯವಸ್ಥೆಯಿದ್ದ ಕಂಪ್ಯೂಟರಿನಲ್ಲಿ ಒಂದು ವರ್ಷ ಯಾರ ತಕರಾರೂ ಇಲ್ಲದೆ ನಡೆಯಿತು. ಶೌಕತ್ ಎದ್ದುಹೋದ ಜಾಗದಲ್ಲಿ ಅವರ ಮಗಳ ಕೆಲಸ ಕೂತಿದೆ ಎಂದು ಜನರೂ ಹೇಳಿದರು. ಲೈಬ್ರರಿಯ ಮೊದಲ ಪುಟದಲ್ಲಿ 'ಇದು ಯಾವ ವ್ಯವಸ್ಥೆಯಲ್ಲಿ ಬೇಕಾದರೂ ಓಡುತ್ತದೆ' ಎಂದು ಅವಳು ಬರೆದಿದ್ದಳು. ಲಿನಕ್ಸ್ ಬಿಟ್ಟು ಬೇರೆಲ್ಲೂ ಓಡಿಸಿ ನೋಡಿರಲಿಲ್ಲ. ಒಂದೇ ಹೋಟೆಲಿನಲ್ಲಿ ಉಂಡವನು ತನಗೆ ಯಾವ ಊರಿನ ಊಟವೂ ಒಗ್ಗುತ್ತದೆ ಎಂದ ಹಾಗೆ.

ಹೋದ ತಿಂಗಳು ಆ ಕಂಪ್ಯೂಟರಿನೊಳಗೆ ಇಲಿ ಸಂಸಾರ ಹೂಡಿತು. ಕೇಂದ್ರ ನಡೆಸುವ ಬೆಳೆಗಾರರ ಸಂಘದವರು ವಿಂಡೋಸ್ ಇರುವ ಹೊಸದನ್ನು ತಂದಿಟ್ಟರು. "ಅದೇ ಲೈಬ್ರರೀನ ಇದರಲ್ಲಿ ಹಾಕಿಕೊಡಿ, ಹೇಗೂ ಎಲ್ಲಾ ಕಡೆ ಓಡ್ತದಲ್ಲ" ಎಂದರು.

ಹಾಕುವುದೆಂದರೆ ಹೊಸ ಕಂಪ್ಯೂಟರಿಗೆ ಅರ್ಥವಾಗುವಂತೆ ಅದನ್ನು ಮತ್ತೆ ಕಂಪೈಲ್ ಮಾಡಬೇಕು. ಮೊದಲ ಸಲಕ್ಕೆ ಹದಿನಾಲ್ಕು ತಪ್ಪು ಬಂದವು. ಒಂದನ್ನು ಸರಿಮಾಡಿದಳು, ಎಪ್ಪತ್ತೊಂದಾದವು. ಲಿನಕ್ಸ್‌ನಲ್ಲಿ ತಕ್ಕಡಿಯ ತಂತಿಯನ್ನು ಮನೆಯ ಒಂದು ಕಡತದ ಹಾಗೆ ತೆರೆದು ಓದಬಹುದಿತ್ತು. ಇಲ್ಲಿ ಅದಕ್ಕೊಂದು ನಂಬರಿನ ಬಾಗಿಲು, ಆ ಬಾಗಿಲು ತಟ್ಟುವ ಶಿಷ್ಟಾಚಾರವೇ ಬೇರೆ. ನಾಲ್ಕು ದಿನ ಹೀಗೇ ನಡೆಯಿತು. ಕೊನೆಗೆ ಉಳಿದದ್ದು ಒಂದೇ ತಪ್ಪು. 'ಕಾಯು' ಎನ್ನುವ ಅಪ್ಪಣೆ ತನಗೆ ಗೊತ್ತಿಲ್ಲ ಎಂದಿತು ಕಂಪೈಲರ್. ವಿಂಡೋಸಿನಲ್ಲಿ ಕಾಯಿಸುವುದಕ್ಕೆ ಅದರದ್ದೇ ಅಪ್ಪಣೆ ಇತ್ತು. ಹುಡುಕಿ ಹಾಕಿದಳು. ಮೂರು ಮೂರಾಗಿಯೇ ಉಳಿಯಿತು. ಸೊನ್ನೆ ತಪ್ಪು ಎಂದು ಪರದೆಯ ಮೇಲೆ ಕಂಡಾಗ ಓಣಿಯ ಐದೂ ಅಂಗಡಿಗೆ ಬೇಸನ್ ಉಂಡೆ ಹಂಚಿದಳು. ಅಂಗಡಿಯ ತಕ್ಕಡಿಯ ಮೇಲೆ ಹಿತ್ತಾಳೆಯ ತೂಕದ ಕಲ್ಲುಗಳನ್ನಿಟ್ಟು ಇಪ್ಪತ್ತು ಸಲ ಪರೀಕ್ಷಿಸಿದಳು. ಇಪ್ಪತ್ತು ಸಲವೂ ಸರಿ. ಸೋಮವಾರ ಸಂಜೆ ದಾಸನಕೊಪ್ಪಕ್ಕೆ ತಂದು ಹಾಕಿ ಹೋದಳು.

ಇವತ್ತು ಶುಕ್ರವಾರ, ಹೇಗೆ ನಡೆಯುತ್ತಿದೆ ಎಂದು ನೋಡಲು ಬಂದಿದ್ದಳು. ಕೇಂದ್ರದ ಅಂಗಳದಲ್ಲಿ ಜಟ್ಟಪ್ಪ ತಕ್ಕಡಿಯಿಂದ ಮೂರು ಹೆಜ್ಜೆ ಹಿಂದೆ ಹೋಗಿ, ಭುಜದ ಮೇಲಿನ ಚೀಲವನ್ನು ಒಮ್ಮೆ ಅಳ್ಳಾಡಿಸಿಕೊಂಡು, ಓಡಿಬಂದು ಎಸೆಯುತ್ತಿದ್ದ. ಊರಿನಲ್ಲಿ ನಾಲ್ಕೆಕರೆ ಶುಂಠಿ ಬೆಳೆಯುವವನು, ನೋಡಲು ಬಡಕಲು. ದಬ್ ಎಂದ ಗಳಿಗೆಯಲ್ಲೇ ತೂಕ ಬರೆಯುವ ಮಮತಾ ಗುಂಡಿ ಒತ್ತಿದಳು. ಪರದೆಯ ಮೇಲೆ ಅರವತ್ತೊಂದು ಕಿಲೊ ಬಂತು. ಸಾಲಿನವರು ಚಪ್ಪಾಳೆ ತಟ್ಟಿದರು.

"ಬರ್ರಿ ಅಕ್ಕಾರ," ಎಂದ ಜಟ್ಟಪ್ಪ ಏದುಸಿರು ಬಿಡುತ್ತ. "ನಿಮ್ಮ ತಕ್ಕಡಿಗೆ ಈಗ ಜೀವ ಬಂತ್ ನೋಡ್ರಿ. ಮೊದ್ಲ ಮುದುಕರಂಗ ಕುಂತು ಯೋಚನೆ ಮಾಡತಿತ್ತು. ಈಗ ಕೇಳೂದ್ರಾಗ ಹೇಳಿಬಿಡತೈತಿ. ಥೇಟ್ ನಿಮ್ಮಂಗ."

"ಹೌದೌದು," ಎಂದಳು ಮಮತಾ. ಅವಳು ಹುಲೇಕಲ್ ಕಡೆಯವಳು. "ಎಂತಾ ಸ್ಪೀಡು ಮಾರಾಯ್ತಿ. ಮೊದಲು ಮೂರು ದಾಟಿ ಹತ್ತು ನಿಮಿಷ ಆಗ್ತಿತ್ತು, ಈಗ ಮೂರಕ್ಕೆ ಮೊದಲೇ ಮುಗೀತದೆ. ನಂಗೆ ಮೂರರ ಬಸ್ಸೇ ಸಿಗ್ತದೆ. ಆದ್ರೆ ಒಂದು ಫಜೀತಿ ಆಗಿದೆ ನೋಡು. ಈ ವಾರ ಹೋದ ಎರಡೂ ಲಾರೀನ ಶಿರಸೀಲಿ ತೂಗಿಸಿದ್ರೆ ಆರು ಕ್ವಿಂಟಲ್ ಕಡಿಮೆ. ನಾಳೆ ಸಂಜೆಯೊಳಗೆ ಸರಿಯಾಗದಿದ್ರೆ ಇದನ್ನ ಕಿತ್ತು ಹುಬ್ಬಳ್ಳಿಯಿಂದ ಸೀಲು ಮಾಡಿದ ಸಿದ್ಧ ತಕ್ಕಡೀನೇ ತರಿಸ್ತೇನೆ ಅಂತ ಸಂಘದ ಅಧ್ಯಕ್ಷರು ಹೇಳಿದ್ರು."

ನಿಲೋಫರ್ ಉತ್ತರಿಸುವಷ್ಟರಲ್ಲಿ ಸಾಲು ಮುಂದೆ ಸರಿಯಿತು. ಈಗ ದೇವಿಯ ಸರದಿ. ಅರವತ್ತು ದಾಟಿದ ಹೆಂಗಸು, ಒಂದೇ ಎಕರೆಯ ಬೇಸಾಯ. ಚೀಲವನ್ನು ಎರಡೂ ಕೈಯಲ್ಲಿ ತಬ್ಬಿ, ಮಲಗಿದ ಕೂಸನ್ನು ಇಳಿಸುವ ಹಾಗೆ ಹಲಗೆಯ ಮೇಲೆ ಒಂದು ಮೂಲೆ ತಾಗಿಸಿದಳು. ಅಷ್ಟಕ್ಕೇ ಮಮತಾ ಗುಂಡಿ ಒತ್ತಿಯಾಗಿತ್ತು. ಮೂವತ್ತೊಂಬತ್ತು.

"ತಂಗಿ," ಎಂದಳು ದೇವಿ ನಿಲೋಫರ್‌ಗೆ, ಜಗಳದ ದನಿಯಲ್ಲೇನೂ ಅಲ್ಲ. "ಮನ್ಯಾಗ ನಲವತ್ತೈದಿತ್ತು. ದಾರ್ಯಾಗ ಚೀಲ ಬಡವಾತೇನು?"

"ಎತ್ತಿ ಒಗೀ ಅಂತ ನಾಕು ದಿನದಿಂದ ಹೇಳಾಕತ್ತೀನಿ," ಎಂದ ಜಟ್ಟಪ್ಪ. "ಕೇಳೂದಿಲ್ಲ ಈಕಿ."

"ತಿನ್ನೂ ವಸ್ತು ಒಗೀತಾರೇನೋ." ದೇವಿ ಮತ್ತೆ ನಿಲೋಫರ್ ಕಡೆ ತಿರುಗಿದಳು. "ನಮ್ಮನಿ ಕೊಕ್ಕೆ ತಕ್ಕಡಿ ನಿಮ್ಮಪ್ಪ ಸರಿ ಮಾಡಿಕೊಟ್ಟದ್ದು. ಅದು ಸುಳ್ಳು ಹೇಳಂಗಿಲ್ಲ. ಇದು ನೀ ಮಾಡಿದ್ದು. ಎರಡರಾಗ ಯಾವುದು ಸುಳ್ಳು, ನೀನ ಹೇಳು."

ಯಾರ ಪ್ರಶ್ನೆಗೂ ಅರ್ಧದಲ್ಲೇ ಉತ್ತರ ಕೊಡುತ್ತಿದ್ದ ನಿಲೋಫರ್ ಇದನ್ನು ಪೂರ್ತಿ ಕೇಳಿಸಿಕೊಂಡಳು. ಮುಂದಿನ ಬಸ್ಸಿಗೆ ಶಿರಸಿಗೆ ಬಂದಳು.

ಅಂಗಡಿಯಲ್ಲಿ ಹಿತ್ತಾಳೆಯ ಕಲ್ಲುಗಳನ್ನು ಮತ್ತೆ ಹೊರತೆಗೆದಳು. ಇಪ್ಪತ್ತು ಕಿಲೊ ಇಟ್ಟಳು, ಇಪ್ಪತ್ತು ಬಂತು. ಹತ್ತು ಇಟ್ಟಳು, ಹತ್ತು. ದಾಸನಕೊಪ್ಪದಲ್ಲಿ ಮನಸ್ಸಿಗೆ ಬಂದದ್ದು ಹೇಳುವ ಲೈಬ್ರರಿ ಇಲ್ಲಿ ಇಷ್ಟು ಸಂಭಾವಿತವಾಗಿರುವುದು ಹೇಗೆ? ಪ್ರತಿಯೊಂದು ಸಾಲನ್ನೂ ಓದಿದಳು. 'ಮೂರು ಕಾಯು' ಎನ್ನುವ ಸಾಲು ಇದ್ದಲ್ಲೇ ಇತ್ತು. ಹಾಗಾದರೆ ಮಮತಾಳ ಕೈಯಲ್ಲಿ ಏನೋ ದೋಷ ಎಂದು ತೀರ್ಮಾನಿಸುವಷ್ಟರಲ್ಲಿ, ಬಾಗಿಲ ಕುರ್ಚಿಯಿಂದ ಶೌಕತ್ ಕೇಳಿದರು:

"ಗುಂಡಿ ಒತ್ತೋ ಮೊದಲು ಬಾಯಲ್ಲಿ ಏನು ಗೊಣಗ್ತೀಯಾ?"

"ಏನೂ ಇಲ್ಲ."

"ಲಾಭ, ಎರಡು, ಮೂರು ಅಂತೀಯಾ. ಪ್ರತಿ ಸಲವೂ ನೀನೇ ಎಣಿಸ್ತೀಯಾ, ಆಮೇಲೆ ಗುಂಡಿ ಒತ್ತುತ್ತೀಯಾ. ಯಂತ್ರ ಎಲ್ಲಿ ಎಣಿಸ್ತು?"

ನಿಲೋಫರ್ ಬಾಯಿ ಮುಚ್ಚಿಕೊಂಡು ಪರೀಕ್ಷೆ ಮಾಡಿದಳು. ಮನಸ್ಸು ಎಣಿಸಿತು. ಬಾಯಿ ತುಂಬ ನೀರು ತುಂಬಿಕೊಂಡು ಮಾಡಿದಳು. ತಲೆ ಮೂರು ಸಲ ಅಲ್ಲಾಡಿದ ಮೇಲೆಯೇ ಬೆರಳು ಗುಂಡಿಗೆ ಹೋಯಿತು. ಮೂವತ್ತು ವರ್ಷದ ಅಭ್ಯಾಸ, ಬಿಡಲು ಗೊತ್ತಿಲ್ಲ. ಕೊನೆಗೆ ಶೌಕತ್ ಗೋಡೆ ಹಿಡಿದು ಎದ್ದುಬಂದರು. ಮಗಳು ಇಪ್ಪತ್ತರ ಕಲ್ಲನ್ನು ಹಲಗೆಗೆ ತಾಗಿಸಿದಳೋ ಇಲ್ಲವೋ, ಅವರ ಬೆರಳು ಗುಂಡಿ ಒತ್ತಿತ್ತು. ಕಣ್ಣು ಮಿಟುಕಿಸುವ ಮೊದಲೇ ಪರದೆ ಹನ್ನೊಂದು ಎಂದಿತು.

ನಿಲೋಫರ್ ನೀರು ನುಂಗಿಕೊಂಡಳು. "ಕಾಯಲೇ ಇಲ್ಲ. ಮೂರು ಅಂತ ಬರೆದೇ ಇದೆ ಅಬ್ಬಾ, ನೋಡಿ."

"ಯಾವ ಊರಿನ ಮೂರು?"

"ಮೂರಕ್ಕೆ ಊರೆಂತದು?"

ಶೌಕತ್ ಕುರ್ಚಿಗೆ ಮರಳಿ, ಮೊಣಕಾಲನ್ನು ಮಾತಾಡಿಸಿ ಕೂತರು. "ನಾನು ಚಿಕ್ಕವನಿದ್ದಾಗ ಇನ್ನೂ ಮಣದ ಲೆಕ್ಕ. ಸಿದ್ದಾಪುರದ ಕಡೆಯವನು ಮೂರು ಮಣ ಅಂತ ಚೀಟಿ ಕಳಿಸ್ತಿದ್ದ, ಯಲ್ಲಾಪುರದವನೂ ಮೂರು ಮಣ ಅಂತಿದ್ದ. ನಮ್ಮಪ್ಪ ಚೀಟಿ ಓದಿ ಮೊದಲು ಕೇಳ್ತಿದ್ದದ್ದು, ಎಲ್ಲಿಯ ಮಣ ಅಂತ. ಒಂದು ಊರಿಂದು ಇನ್ನೊಂದು ಊರಿಗೆ ಹೊಂದಬೇಕು ಅಂತ ಎಲ್ಲಿದೆ? ನೀನು ಲೈಬ್ರರೀನ ಊರು ಬದಲಿಸಿದೆ. ಮೂರನ್ನ ಹಾಗೇ ಹೊತ್ಕೊಂಡು ಹೋದೆ. ಅಲ್ಲಿಯವರನ್ನ ಕೇಳಿ..."

ಅವರ ಮಾತು ಮುಗಿಯುವ ಮೊದಲೇ ಅವಳು ವಿಂಡೋಸಿನ ಅಪ್ಪಣೆಗಳ ವಿವರದ ಪುಟ ತೆರೆದಿದ್ದಳು. ಎರಡನೆಯ ಸಾಲಿನಲ್ಲೇ ಇತ್ತು. ಲಿನಕ್ಸಿನ ಆ ಅಪ್ಪಣೆ ಕಾಯುವುದನ್ನು ಸೆಕೆಂಡಿನಲ್ಲಿ ಅಳೆಯುತ್ತಿತ್ತು. ವಿಂಡೋಸಿನದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ. ಅವಳು ಬರೆದ ಮೂರನ್ನು ಅದು ಪ್ರಾಮಾಣಿಕವಾಗಿಯೇ ಕಾದಿತ್ತು. ಕಾಯುವುದು ಶುರುವಾಗುವ ಮೊದಲೇ ಮುಗಿದಿತ್ತು, ಅಷ್ಟೆ. ಮೂರು ತಲೆಮಾರಿನಿಂದ ತಕ್ಕಡಿ ಹಿಡಿದ ಮನೆಯವಳು ಅಳತೆ ಯಾವುದೆಂದು ಕೇಳದೆ ಅಂಕಿಯನ್ನು ನಂಬಿದ್ದಳು.

ಮೂರರ ಮುಂದೆ ಮೂರು ಸೊನ್ನೆ ಹಾಕಿದಳು. ಕಂಪೈಲ್ ಮಾಡಿದಳು. ಅಪ್ಪನಿಂದಲೇ ಹತ್ತು ಸಲ ಗುಂಡಿ ಒತ್ತಿಸಿದಳು, ಹತ್ತೂ ಸಲ ಇಪ್ಪತ್ತೇ ಬಂತು.

"ಈ ಸಲ ಉಂಡೆ ಹಂಚೋದಿಲ್ವಾ?" ಎಂದರು ಶೌಕತ್.

"ನಾಳೆ ದೇವಕ್ಕ ತೂಗಿದ ಮೇಲೆ."

ಶನಿವಾರ ದಾಸನಕೊಪ್ಪದಲ್ಲಿ ಸಾಲು ಎಂದಿಗಿಂತ ಉದ್ದವಿತ್ತು. ಎಸೆದರೆ ತೂಕ ಹೆಚ್ಚುತ್ತದೆ ಎನ್ನುವ ಸುದ್ದಿ ಆಚೆಯ ಊರುಗಳಿಗೂ ಹೋಗಿತ್ತು. ಒಬ್ಬನಂತೂ ಟ್ರಾಕ್ಟರನ್ನೇ ತಕ್ಕಡಿಯ ಪಕ್ಕಕ್ಕೆ ತಂದು ನಿಲ್ಲಿಸಿದ್ದ, ಮೇಲಿನಿಂದ ಎಸೆಯಲು. ನಿಲೋಫರ್ ಹೊಸದನ್ನು ಹಾಕಿ ಎದ್ದುನಿಂತಳು.

"ನಾಲ್ಕು ದಿನದ ತಪ್ಪು ನಂದು," ಎಂದಳು ಎಲ್ಲರಿಗೂ ಕೇಳುವಂತೆ. "ಯಂತ್ರದ್ದಲ್ಲ, ಮಮತಾಂದೂ ಅಲ್ಲ. ಎಸೆದವರಿಗೆ ಹೆಚ್ಚು ತೋರಿಸ್ತು, ಮೆಲ್ಲಗೆ ಇಟ್ಟವರಿಗೆ ಕಡಿಮೆ ತೋರಿಸ್ತು. ಈಗ ಹೇಗೆ ಇಟ್ಟರೂ ಅಷ್ಟೇ."

"ಹಂಗಂತ ನೀವು ಹೇಳಿದ್ರ ಆತೇನ್ರಿ," ಎಂದ ಜಟ್ಟಪ್ಪ. ಮೂರು ಹೆಜ್ಜೆಗೆ ಬದಲು ಆರು ಹೆಜ್ಜೆ ಹಿಂದೆ ಹೋದ. ಓಡಿಬಂದ. ದಬ್. ಮಮತಾ ಗುಂಡಿ ಒತ್ತಿದಳು.

ಪರದೆ ಖಾಲಿ. ನಿಲೋಫರ್‌ಳ ತುಟಿ ಅಲುಗಿತು. ಎಸೆದ ಚೀಲ ಒಮ್ಮೆ ಕುಣಿದು, ಅರ್ಧ ಹೊರಳಿ, ಸುಮ್ಮನಾಯಿತು. ಐವತ್ತೆರಡು.

ಜಟ್ಟಪ್ಪ ಪರದೆಯನ್ನು ಬಗ್ಗಿ ನೋಡಿದ. "ಮತ್ತ ಮುದುಕ ಆತಲ್ರಿ ಇದು."

ಟ್ರಾಕ್ಟರಿನವನು ಸದ್ದಿಲ್ಲದೆ ಗಾಡಿಯನ್ನು ಹಿಂದಕ್ಕೆ ತೆಗೆದ. ಸಾಲಿನಲ್ಲಿ ಹನ್ನೆರಡನೆಯವಳು ದೇವಿ. ಅಷ್ಟು ಹೊತ್ತು ನಿಲೋಫರ್ ಚಹಾ ಕೂಡ ಕುಡಿಯಲಿಲ್ಲ. ದೇವಿ ಚೀಲವನ್ನು ಅದೇ ಹಾಗೆ ತಬ್ಬಿ, ಒಂದು ಮೂಲೆ ತಾಗಿಸಿ, ಮೆಲ್ಲಗೆ ಪೂರ್ತಿ ಇಳಿಸಿ ಕೈ ತೆಗೆದಳು. ಮಮತಾ ಗುಂಡಿಯನ್ನು ಮೂಲೆ ತಾಗಿದಾಗಲೇ ಒತ್ತಿದ್ದಳು, ಅವಳ ಅಭ್ಯಾಸವೂ ಬದಲಾಗುವುದಲ್ಲ. ಲಾಭ. ಎರಡು. ಮೂರು.

"ನಲವತ್ತಾರು," ಎಂದು ಓದಿದಳು ಮಮತಾ.

"ನಲವತ್ತಾರೇನು?" ದೇವಿ ಇನ್ನೊಮ್ಮೆ ಕೇಳಿದಳು. "ನಾ ಮನ್ಯಾಗ ತೂಗಿದ್ದು ನಲವತ್ತಾರ. ನಿನ್ನಿ ಚೀಲ ನಲವತ್ತೈದಿತ್ತು, ಇವತ್ತಿಂದು ಬ್ಯಾರೆ ಚೀಲ." ಆಮೇಲೆ ನಿಲೋಫರ್‌ಳ ಮುಖ ನೋಡಿದಳು. "ಎರಡೂ ಖರೇನ ಹೇಳತಾವ ಬಿಡು."

ನಿಲೋಫರ್ ಚೀಲದ ಒಂದು ತುದಿ ಹಿಡಿದು ದೇವಿಯ ಜೊತೆ ರಾಶಿಗೆ ಸಾಗಿಸಿ ಬಂದಳು. ಅಷ್ಟರಲ್ಲಿ ಮಮತಾ ತೂಕಗಳನ್ನು ಅಧ್ಯಕ್ಷರಿಗೆ ಫೋನಿನಲ್ಲಿ ಹೇಳಿಯಾಗಿತ್ತು. ಫೋನನ್ನು ಜೋರು ದನಿಗೆ ಹಾಕಿ ನಿಲೋಫರ್‌ಳ ಕೈಗೆ ಕೊಟ್ಟಳು. "ಇದೇ ಇರಲಿ, ಹುಬ್ಬಳ್ಳಿದು ಬೇಡ ಅಂದ್ರು. ಹೋದ ನಾಲ್ಕು ದಿನದ ಲೆಕ್ಕಾನ ಅವರೇ ಮನೆಮನೆಗೆ ಹೋಗಿ ಸರಿಮಾಡ್ತಾರಂತೆ. ನಿನ್ನ ಹತ್ರ ಎಂತದೋ ಮಾತಾಡೋದಿದೆಯಂತೆ."

"ನೋಡಮ್ಮಾ," ಎಂದರು ಅಧ್ಯಕ್ಷರು. "ನಿಮ್ಮ ತಂದೆಯವರ ಕಾಲದಲ್ಲಿ, ಅಂದರೆ ನಾನಿನ್ನೂ ಮೀಸೆ ಬರದ ಹುಡುಗ, ಆಗ ಈ ಕೇಂದ್ರಕ್ಕೆ ಹಂಚಿನ ಮಾಡು ಇತ್ತು. ಆ ಹಂಚು ಎಲ್ಲಿಂದ ಬಂತು ಅಂತ ಕೇಳಿದರೆ..."

"ಅಕ್ಕಾರ," ಎಂದು ಇನ್ನೊಂದು ಕಿವಿಗೆ ಬಂದ ಜಟ್ಟಪ್ಪ. "ನಂದೊಂದು ಮಾತು. ನಿಮ್ಮ ಮೂರೂ ಬ್ಯಾಡ, ನಂದೂ ಬ್ಯಾಡ, ನಡುವ ಎರಡು ಎಣಿಸೂ ಹಂಗ ಮಾಡಾಕ ಬರತೈತೇನು?"

ರಸ್ತೆಯಲ್ಲಿ ಶಿರಸಿ ಬಸ್ಸಿನ ಹಾರ್ನ್ ಕೇಳಿತು. ಫೋನಿನಲ್ಲಿ ಹಂಚಿನ ಲಾರಿ ಇನ್ನೂ ಘಟ್ಟ ಹತ್ತುತ್ತಿತ್ತು. ನಿಲೋಫರ್ ಸುತ್ತ ನೋಡಿ, ಫೋನನ್ನು ತಕ್ಕಡಿಯ ಹಲಗೆಯ ಮೇಲೆ ಮೆಲ್ಲಗೆ ಇಟ್ಟಳು. ಹಲಗೆಗೆ ಏನೋ ತಾಗಿದ್ದು ಕಂಡು ಮಮತಾಳ ಬೆರಳು ತಾನಾಗಿ ಗುಂಡಿ ಒತ್ತಿತು. ಜಟ್ಟಪ್ಪ ಪರದೆಯ ಕಡೆ ಬಗ್ಗಿದ. ನಿಲೋಫರ್ ತನ್ನ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದಳು.

"ಇನ್ನೂರು ಗ್ರಾಂ," ಎಂದು ಹಿಂದಿನಿಂದ ಯಾರೋ ಓದಿದರು. ಅಧ್ಯಕ್ಷರು ಇನ್ನೂ ಮಾತಾಡುತ್ತಲೇ ಇದ್ದರು.